ಪ್ರಶ್ನೋತ್ತರ: ‘50 ವರ್ಷಕ್ಕೆ ಡಿಸೈನ್’ ಅಂದರೆ ಎಷ್ಟು ಭದ್ರ? ಕಡಲ ತಡೆಗೋಡೆ, ಶೀಟಿನ ಮಾಡು, ಗಾಳಿಯಂತ್ರ

ಪ್ರಶ್ನೆ (ಉಪ್ಪಳದ ಸದಸ್ಯರು): ಸರ್, ನಮ್ಮಲ್ಲಿ ಕಡಲ್ಕೊರೆತಕ್ಕೆ ಕಲ್ಲಿನ ತಡೆಗೋಡೆ ಹಾಕುವ ಮಾತು ನಡೆದಿದೆ. ‘50 ವರ್ಷದ ಅಲೆಗೆ ಡಿಸೈನ್ ಮಾಡಿದ್ದು, ಇನ್ನು 50 ವರ್ಷ ಆ ಕಡೆ ನೋಡಬೇಕಾಗಿಲ್ಲ’ ಅಂತ ಸೈಟಿನಲ್ಲಿ ಒಬ್ಬರು ಹೇಳಿದರು. ನಂಬಬಹುದಾ? ಊರಿನವರಾಗಿ ನಾವು ಏನನ್ನು ಗಮನಿಸಬೇಕು?

ಉತ್ತರ (ಬಂದರು ಕಾಮಗಾರಿಯ ಇಂಜಿನಿಯರ್): ಆ ಮಾತು ತಪ್ಪು. 50 ವರ್ಷದ ಅಲೆ ಅಂದರೆ ಯಾವುದೇ ಒಂದು ವರ್ಷದಲ್ಲಿ ಅದನ್ನು ಮೀರುವ ಅಲೆ ಬರುವ ಸಾಧ್ಯತೆ ನೂರಕ್ಕೆ 2. ಈ ವರ್ಷ ಬಂದುಹೋಯಿತು ಅಂತ ಮುಂದಿನ ವರ್ಷ ಬರದೆ ಇರುವುದಿಲ್ಲ. 25 ವರ್ಷದಲ್ಲಿ ಒಮ್ಮೆಯಾದರೂ ಮೀರುವ ಸಾಧ್ಯತೆ ಶೇ. 40, 50 ವರ್ಷದಲ್ಲಿ ಶೇ. 64. 50 ವರ್ಷದೊಳಗೆ ಮೀರುವ ಸಾಧ್ಯತೆ ಶೇ. 10ಕ್ಕೆ ಇಳಿಯಬೇಕಾದರೆ 475 ವರ್ಷದ ಅಲೆಗೆ ಡಿಸೈನ್ ಮಾಡಬೇಕಾಗುತ್ತದೆ.

ಅಲೆ ಮೀರಿದ ಕೂಡಲೇ ಗೋಡೆ ಬೀಳುತ್ತದೆ ಅಂತಲೂ ಇಲ್ಲ. ಕಲ್ಲು ಪೇರಿಸಿದ ಗೋಡೆ ಸ್ವಲ್ಪಸ್ವಲ್ಪವಾಗಿ ಸಡಿಲವಾಗುತ್ತದೆ. ಕಲ್ಲಿನ ತೂಕಕ್ಕೆ ಬಳಸುವ ಹಡ್ಸನ್ ಸೂತ್ರದಲ್ಲೇ, ಡಿಸೈನ್ ಅಲೆಗೆ ಮೇಲ್ಪದರದ ಕಲ್ಲು ಶೇ. 5ರವರೆಗೆ ಕದಲಬಹುದು ಎಂಬ ಲೆಕ್ಕ ಸೇರಿಕೊಂಡಿದೆ. ರಿಪೇರಿಗೆ ಹಣ, ಕಲ್ಲು, ಕ್ರೇನ್ ಹೋಗುವ ದಾರಿ ಇಟ್ಟುಕೊಳ್ಳದ ಯೋಜನೆ ಅರ್ಧ ಯೋಜನೆ.

ನೀವು ಮುಖ್ಯವಾಗಿ ನೋಡಬೇಕಾದ್ದು ಗೋಡೆಯ ಬುಡ. ದಡದ ಹತ್ತಿರ ಅಲೆಯ ಎತ್ತರವನ್ನು ನಿರ್ಧರಿಸುವುದು ನೀರಿನ ಆಳ. ಆಳದ ಸುಮಾರು 0.78 ಪಟ್ಟು ಎತ್ತರಕ್ಕೆ ಅಲೆ ಒಡೆಯುತ್ತದೆ. ಬುಡದಲ್ಲಿ 2 ಮೀಟರ್ ನೀರಿದ್ದರೆ ಅಲೆ 1.56 ಮೀಟರ್. ಕಗ್ಗಲ್ಲಿನ ಸಾಂದ್ರತೆ 2.65, ಇಳಿಜಾರು 1ಕ್ಕೆ 2, ಒರಟು ಕಲ್ಲಿಗೆ ಒಡೆಯುವ ಅಲೆಯ ಗುಣಾಂಕ 2 ಎಂದಿಟ್ಟುಕೊಂಡರೆ ಹಡ್ಸನ್ ಸೂತ್ರದಂತೆ ಒಂದೊಂದು ಕಲ್ಲು ಸುಮಾರು 630 ಕಿಲೋ ಇರಬೇಕು. ಮಳೆಗಾಲದಲ್ಲಿ ಬುಡದ ಹೊಯಿಗೆ ಬರೀ ಅರ್ಧ ಮೀಟರ್ ತಗ್ಗಿತು ಅನ್ನಿ. ಆಳ 2.5 ಮೀಟರ್, ಅಲೆ 1.95 ಮೀಟರ್, ಬೇಕಾದ ಕಲ್ಲು 1,230 ಕಿಲೋ. ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಏರುವುದರಿಂದ ಹೀಗೆ ದುಪ್ಪಟ್ಟಾಯಿತು. ದೊಡ್ಡ ತೂಫಾನ್ ಬರಲೇಬೇಕೆಂದಿಲ್ಲ, ಬುಡ ಕೊರೆದರೆ ಪ್ರತಿವರ್ಷ ಬರುವ ಅಲೆಯೇ ಸಾಕು.

ಕಲ್ಲಿನ ಜಾತಿಯೂ ಅಷ್ಟೇ ಮುಖ್ಯ. ಸಾಂದ್ರತೆ 2.65ರ ಬದಲು 2.4 ಆದರೆ ಅದೇ 1.56 ಮೀಟರ್ ಅಲೆಗೆ 630ರ ಜಾಗದಲ್ಲಿ 940 ಕಿಲೋ ಬೇಕು. ಪರೀಕ್ಷೆ ಸುಲಭ: ಕೈಯಲ್ಲಿ ಎತ್ತುವಷ್ಟು ದೊಡ್ಡ ತುಂಡನ್ನು ತಕ್ಕಡಿಗೆ ನೇತುಹಾಕಿ ತೂಗಿ, ಆಮೇಲೆ ಸಿಹಿನೀರಿನ ಬಕೆಟ್ಟಿನಲ್ಲಿ ತಳ ಮುಟ್ಟದಂತೆ ಮುಳುಗಿಸಿ ತೂಗಿ. ಮೊದಲ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿದರೆ ಸಾಂದ್ರತೆ. ಲಾರಿಯ ಲೋಡನ್ನು ವೇಬ್ರಿಜ್‌ನಲ್ಲಿ ತೂಗಿಸಿ ಕಲ್ಲಿನ ಲೆಕ್ಕದಿಂದ ಭಾಗಿಸಿದರೆ ಸರಾಸರಿ ತೂಕ ಸಿಗುತ್ತದೆ. ಸರಾಸರಿ ಸರಿಯಿದ್ದರೂ ಚಿಕ್ಕ ಕಲ್ಲುಗಳನ್ನೆಲ್ಲ ಒಂದೇ ಕಡೆ ಸುರಿದಿದ್ದರೆ ಗೋಡೆ ಅಲ್ಲಿಂದಲೇ ಹೋಗುತ್ತದೆ.

ಇನ್ನೊಬ್ಬ ಸದಸ್ಯರು (ಜಿಯೋಟೆಕ್ನಿಕಲ್, ಅಂದರೆ ಮಣ್ಣು-ಅಡಿಪಾಯದ ಕೆಲಸದವರು): ಒಂದು ಸೇರಿಸುತ್ತೇನೆ. ದೊಡ್ಡ ಕಲ್ಲನ್ನು ನೇರವಾಗಿ ಹೊಯಿಗೆಯ ಮೇಲೆ ಇಟ್ಟರೆ ಅಲೆ ಹಿಂದೆ ಸರಿಯುವಾಗ ಸಂದಿಯಿಂದ ಹೊಯಿಗೆ ಹೊರಬಂದು ಗೋಡೆ ಕುಸಿಯುತ್ತದೆ. ಮೇಲ್ಪದರದ ಕೆಳಗೆ ಅದರ ಹತ್ತನೇ ಒಂದು ಭಾಗ ತೂಕದ ಕಲ್ಲಿನ ಪದರ, ಅದರಡಿ ನೀರು ಬಿಟ್ಟು ಹೊಯಿಗೆ ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಇರಬೇಕು. ಬಟ್ಟೆಯ ತುಂಡುಗಳು ಒಂದರ ಮೇಲೊಂದು ಸಾಕಷ್ಟು ಹಾಯ್ದಿರಬೇಕು, ಕಲ್ಲು ಸುರಿಯುವಾಗ ಹರಿಯಬಾರದು. ಮುಚ್ಚಿದ ಮೇಲೆ ಇದು ಯಾರಿಗೂ ಕಾಣಿಸುವುದಿಲ್ಲ. ಹಾಗಾಗಿ ಹಾಸುವ ದಿನವೇ ಫೋಟೋ ತೆಗೆದಿಡಿ. ಗೋಡೆ ಮುಗಿದ ಜಾಗದ ಆಚೆ ಕೊರೆತ ಹೆಚ್ಚಾಗುವುದು ಸಾಮಾನ್ಯ. ಎರಡೂ ತುದಿಯನ್ನು ಒಳಕ್ಕೆ ತಿರುಗಿಸಿದ್ದಾರಾ ಅಂತ ಡ್ರಾಯಿಂಗಿನಲ್ಲಿ ಕೇಳಿ.

ಪ್ರಶ್ನೆ (ಕುಂಬಳೆ): ಅಣ್ಣಾ, ಕಡಲಿಗೆ ಹತ್ತಿರದ ಮನೆ. ಟೆರೇಸಿನ ಮೇಲೆ ಶೀಟ್ ಹಾಕಿಸುವವನಿದ್ದೇನೆ. ಶೀಟು ದಪ್ಪದ್ದು ತಗೊಂಡರೆ ಸಾಕಾ?

ಉತ್ತರ (ಬಂದರು ಕಾಮಗಾರಿಯ ಇಂಜಿನಿಯರ್): ಸಾಲದು. ಗಾಳಿಯ ಭಾರದ ಭಾರತೀಯ ಮಾನಕ ಐಎಸ್ 875, ಮೂರನೇ ಭಾಗದಲ್ಲಿ ಮಂಗಳೂರಿಗೂ ಕೋಝಿಕ್ಕೋಡಿಗೂ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಗಂಟೆಗೆ 140 ಕಿ.ಮೀ. ನಡುವಿನ ನಮಗೂ ಅದನ್ನೇ ಹಿಡಿಯಬೇಕು. ಕಡಲಿಗೆ ತೆರೆದ ಜಾಗದಲ್ಲಿ 10 ಮೀಟರ್ ಎತ್ತರಕ್ಕೆ ಗುಣಾಂಕ 1.05, ಒತ್ತಡ ಚದರ ಮೀಟರಿಗೆ ಸುಮಾರು 100 ಕಿಲೋ. ಶೀಟಿನ ಸ್ವಂತ ತೂಕ 5 ಕಿಲೋ ಆಸುಪಾಸು. ಅಂದರೆ ನಿಮ್ಮ ಚಿಂತೆ ಮಾಡು ಕೆಳಗೆ ಬೀಳುವುದರ ಬಗ್ಗೆ ಅಲ್ಲ, ಮೇಲೆ ಹಾರುವುದರ ಬಗ್ಗೆ ಇರಬೇಕು. ಒಂದು ಕಂಬಕ್ಕೆ 3 ಮೀಟರ್ ಅಗಲ, 3 ಮೀಟರ್ ಉದ್ದದ ಮಾಡು ಬಂದರೆ, ಎತ್ತುವ ಗುಣಾಂಕ 1 ಎಂದರೂ 900 ಕಿಲೋ ಮೇಲಕ್ಕೆ ಎಳೆತ. ಅಂಚು, ಮೂಲೆಗಳಲ್ಲಿ ಇನ್ನೂ ಹೆಚ್ಚು. ಒಂದು ಬದಿಯನ್ನು ಮಾತ್ರ ಶೀಟಿನಿಂದ ಮುಚ್ಚಿದರೆ ಒಳಗೆ ಸಿಕ್ಕಿದ ಗಾಳಿಯೂ ಎತ್ತಲು ಸೇರಿಕೊಳ್ಳುತ್ತದೆ.

ಈ ಎಳೆತ ಸ್ಕ್ರೂ, ಪರ್ಲಿನ್ (ಶೀಟನ್ನು ಹೊರುವ ಅಡ್ಡಪಟ್ಟಿ), ವೆಲ್ಡಿಂಗ್, ಕಂಬ, ಬೇಸ್ ಪ್ಲೇಟ್, ಆಂಕರ್ ಬೋಲ್ಟ್ ಎಲ್ಲವನ್ನೂ ದಾಟಿ ಸ್ಲ್ಯಾಬಿಗೆ ಹೋಗಬೇಕು. ಸರಪಳಿಯ ಹಾಗೆ, ಯಾವುದೋ ಒಂದು ಕೊಂಡಿ ಬಿಟ್ಟರೂ ಮುಗಿಯಿತು. ಒಂದೊಂದೂ ಸೋಲುವ ಸಾಧ್ಯತೆ ಶೇ. 1 ಇರುವ ಹತ್ತು ಕೊಂಡಿಗಳಿದ್ದರೆ, ಅವು ಒಂದಕ್ಕೊಂದು ಸಂಬಂಧವಿಲ್ಲದೆ ಸೋಲುತ್ತವೆ ಎಂದಾಗ ಒಟ್ಟು ಸಾಧ್ಯತೆ ಶೇ. 9.6. ಗಾಳಿ ಎಲ್ಲಕ್ಕೂ ಒಂದೇ ಆದ್ದರಿಂದ ನಿಜವಾದ ಸಂಖ್ಯೆ 1ಕ್ಕೂ 9.6ಕ್ಕೂ ನಡುವೆ ಇರುತ್ತದೆ. ಮುರಕಲ್ಲಿನ ಪ್ಯಾರಪೆಟ್ಟಿಗೆ ಬೋಲ್ಟ್ ಹೊಡೆಸಲೇಬೇಡಿ, ಕೆಳಗೆ ಕಾಂಕ್ರೀಟ್ ಬೀಮ್ ಇರುವಲ್ಲೇ ಕಂಬ ನಿಲ್ಲಿಸಿ. ಉಪ್ಪುಗಾಳಿಗೆ ಮೊದಲು ತುಕ್ಕು ತಿನ್ನುವುದು ಸ್ಕ್ರೂ ತಲೆ ಮತ್ತು ಬೇಸ್ ಪ್ಲೇಟಿನ ಅಡಿ. ಪ್ರತಿ ಮಳೆಗಾಲದ ಮುಂಚೆ ಇವೆರಡನ್ನು ನೋಡಿ.

ಪ್ರಶ್ನೆ (ಸಿವಿಲ್ ವಿದ್ಯಾರ್ಥಿ, ಕಾಸರಗೋಡು): ಸರ್, ಕ್ಲಾಸಿನಲ್ಲಿ ಸುರಕ್ಷಾ ಅಂಶ 1.5 ಇದ್ದರೆ ಸೇಫ್ ಅಂತಾರೆ. ರಿಲಯಬಿಲಿಟಿ ಇಂಡೆಕ್ಸ್ ಯಾಕೆ ಬೇಕು? ಸಮುದ್ರದ ಗಾಳಿಯಂತ್ರಗಳಿಗೂ ಇದೇ ಲೆಕ್ಕವಾ?

ಉತ್ತರ (ವಿಂಡ್ ಸ್ಟ್ರಕ್ಚರ್ ಕೆಲಸದವರು): ಸರಾಸರಿ ತಾಳುವ ಬಲ 150, ಸರಾಸರಿ ಭಾರ 100 ತಗೊಳ್ಳಿ, ಭಾಗಿಸಿದರೆ ಸುರಕ್ಷಾ ಅಂಶ 1.5. ಬಲದ ಏರಿಳಿತ (ಸ್ಟ್ಯಾಂಡರ್ಡ್ ಡೀವಿಯೇಶನ್) 15, ಭಾರದ್ದು 20 ಆದರೆ ಒಟ್ಟು ಏರಿಳಿತ ಇವೆರಡರ ವರ್ಗಗಳ ಮೊತ್ತದ ವರ್ಗಮೂಲ, 25. ರಿಲಯಬಿಲಿಟಿ ಇಂಡೆಕ್ಸ್ (ಬೀಟಾ) ಅಂದರೆ ಬಲ-ಭಾರದ ವ್ಯತ್ಯಾಸ 50 ಭಾಗಿಸು 25, ಇಲ್ಲಿ 2. ಸೋಲುವ ಸಾಧ್ಯತೆ ಶೇ. 2.3. ಏರಿಳಿತವನ್ನು 9 ಮತ್ತು 12ಕ್ಕೆ ಇಳಿಸಿ: 50 ಭಾಗಿಸು 15, ಬೀಟಾ 3.33. ಈಗ ಹತ್ತು ಸಾವಿರಕ್ಕೆ ನಾಲ್ಕು. ಅಂಶ 1.5 ಆಗಿಯೇ ಉಳಿಯಿತು, ಅಪಾಯ ಮಾತ್ರ 50 ಪಟ್ಟು ಕಡಿಮೆ. ವೆಲ್ಡಿಂಗ್ ತಪಾಸಣೆ, ಮಣ್ಣಿನ ಬೋರ್, ಗಾಳಿಯ ಅಳತೆಗೆ ಖರ್ಚು ಮಾಡುವುದು ಈ ಏರಿಳಿತ ಇಳಿಸಲಿಕ್ಕೆ.

ಗಾಳಿಯಂತ್ರದಲ್ಲಿ ಇದರ ಮೇಲೆ ದಣಿವು ಬೇರೆ, ಅಂದರೆ ಪದೇಪದೇ ಬೀಳುವ ಭಾರಕ್ಕೆ ಲೋಹ ಬಿರುಕು ಬಿಡುವುದು. ವೆಲ್ಡಿನಲ್ಲಿ ಒತ್ತಡ ಶೇ. 10 ಏರಿದರೆ ಬಾಳಿಕೆ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ, ಅಲ್ಲಿರುವುದೂ ಘನದ ಸಂಬಂಧ. ನಿಮಿಷಕ್ಕೆ 10 ಸುತ್ತಿನ ಮೂರು ರೆಕ್ಕೆಯ ಯಂತ್ರ ಕಂಬವನ್ನು ಸುತ್ತಿನ ಲೆಕ್ಕದಲ್ಲಿ ಸೆಕೆಂಡಿಗೆ 0.17 ಬಾರಿ (ಹರ್ಟ್ಸ್), ರೆಕ್ಕೆಗಳು ಹಾಯುವ ಲೆಕ್ಕದಲ್ಲಿ 0.5 ಬಾರಿ ತಟ್ಟುತ್ತದೆ. ಕಂಬದ ಸ್ವಂತ ಕಂಪನ ಇವೆರಡರ ನಡುವೆ ಕೂರಬೇಕು. ಬುಡದ ಮಣ್ಣು ಕೊರೆದರೆ ಆ ಕಂಪನ ಕೆಳಗಿಳಿದು 0.17ಕ್ಕೂ, 8ರಿಂದ 10 ಸೆಕೆಂಡಿಗೊಮ್ಮೆ ಬರುವ ಅಲೆಗಳಿಗೂ ಹತ್ತಿರವಾಗುತ್ತದೆ. ತಡೆಗೋಡೆಗೆ ಮೇಲೆ ಹೇಳಿದ ಬುಡದ ಪಾಠ ಇಲ್ಲಿಗೂ ಸಲ್ಲುತ್ತದೆ.

ಸಣ್ಣ ವೆಲ್ಡನ್ನು ಕಡೆಗಣಿಸಬೇಡಿ. ಉತ್ತರ ಸಮುದ್ರದಲ್ಲಿ 1980ರ ಮಾರ್ಚ್ 27ರಂದು ತೈಲ ಕಾರ್ಮಿಕರು ತಂಗುತ್ತಿದ್ದ ಅಲೆಕ್ಸಾಂಡರ್ ಕೀಲಂಡ್ ಎಂಬ ತೇಲುವ ವೇದಿಕೆ ಮಗುಚಿ 212 ಜನರಲ್ಲಿ 123 ಮಂದಿ ಸತ್ತರು. ಧ್ವನಿ ಹಿಡಿಯುವ ಒಂದು ಉಪಕರಣದ ಆಸರೆಗೆ ಹಾಕಿದ 6 ಮಿ.ಮೀ. ವೆಲ್ಡಿನಿಂದ ಬಿರುಕು ಶುರುವಾಗಿ ಒಂದು ಅಡ್ಡತೊಲೆ ತುಂಡಾಯಿತು, ಉಳಿದ ತೊಲೆಗಳು ಭಾರ ತಾಳದೆ ಐದು ಕಾಲುಗಳಲ್ಲಿ ಒಂದು ಕಳಚಿಹೋಯಿತು. ಒಂದು ಭಾಗ ಹೋದರೆ ಉಳಿದದ್ದು ನಿಲ್ಲುತ್ತದಾ ಎಂಬುದು ಪ್ರತ್ಯೇಕ ಲೆಕ್ಕ, ಅದನ್ನು ಮಾಡಲೇಬೇಕು.

ನಮ್ಮ ದೇಶದಲ್ಲಿ ಸಮುದ್ರದ ಗಾಳಿಯಂತ್ರಕ್ಕೆ 2024ರ ಜೂನಿನಲ್ಲಿ ಮಂಜೂರಾದ ನೆರವು ಗುಜರಾತ್ ಮತ್ತು ತಮಿಳುನಾಡಿಗೆ, ತಲಾ 500 ಮೆಗಾವಾಟ್. ಕೆಲಸ ಹುಡುಕುವುದಾದರೆ ಆ ಕಡೆ ನೋಡಿ.

ಅದೇ ವಿದ್ಯಾರ್ಥಿ: ತಪಾಸಣೆಯಲ್ಲಿ ಬಿರುಕು ಸಿಗದಿದ್ದರೆ ಸೇಫ್ ಅಂತ ಬರೆಯಬಹುದಾ ಸರ್?

ಉತ್ತರ (ವಿಂಡ್ ಸ್ಟ್ರಕ್ಚರ್ ಕೆಲಸದವರು): ಬೇಡ. ಉದಾಹರಣೆಗೆ ಬಿರುಕಿರುವ ಸಾಧ್ಯತೆ ಮೊದಲು ಶೇ. 10 ಅನ್ನಿ. ನೂರರಲ್ಲಿ 80 ಬಿರುಕು ಹಿಡಿಯುವ ವಿಧಾನದಿಂದ ನೋಡಿಯೂ ಸಿಗದಿದ್ದರೆ ಅದು ಶೇ. 2.2ಕ್ಕೆ ಇಳಿಯುತ್ತದೆ. ಪಾಚಿ, ಚಿಪ್ಪು ಕೆರೆಯದೆ ಕಣ್ಣಳತೆಯಲ್ಲಿ ನೋಡಿ 30 ಮಾತ್ರ ಹಿಡಿಯುವಂತಿದ್ದರೆ ಶೇ. 7.2ರಲ್ಲೇ ನಿಲ್ಲುತ್ತದೆ. ಮುಂದಿನ ತಪಾಸಣೆ ಯಾವಾಗ ಎಂಬುದು ಈ ಉಳಿದ ಸಂಖ್ಯೆಯ ಮೇಲೆ ನಿಂತಿದೆ. ಆದ್ದರಿಂದ ವರದಿಯಲ್ಲಿ ಯಾವ ವಿಧಾನ, ಎಷ್ಟು ಉದ್ದದ ಬಿರುಕನ್ನು ಅದು ಹಿಡಿಯಬಲ್ಲದು, ಮೇಲ್ಮೈ ಎಷ್ಟು ಕೆರೆದಿರಿ, ಯಾವ ವೆಲ್ಡಿಗೆ ಕೈ ತಲುಪಲಿಲ್ಲ, ಈ ನಾಲ್ಕನ್ನೂ ಜಾಯಿಂಟ್ ನಂಬರಿನ ಜೊತೆ ಬರೆಯಿರಿ.