‘ಹದ ಹಾಕುವುದು’ ಎಂದರೆ ಯಾವ ಕೆಲಸ? ಚಾಕು ತಯಾರಿಕೆಯ ಒಂದು ಪದಪ್ರಶ್ನೆ

ಮಾನ್ಯರೇ,

ಬಿಡುವಿನ ವೇಳೆಯಲ್ಲಿ ಕೈಯಾರೆ ಚಾಕು ಮಾಡುವುದನ್ನು ಈಚೆಗೆ ಕಲಿಯತೊಡಗಿದ್ದೇನೆ. ಕೆಲಸದ ಹಂತಗಳನ್ನು ಕನ್ನಡದಲ್ಲಿಯೇ ಬರೆದಿಟ್ಟುಕೊಳ್ಳುತ್ತಿರುವಾಗ ಕುಲುಮೆ, ತಿದಿ, ಅಡಿಗಲ್ಲು, ಇಕ್ಕಳ, ಅರ, ಸಾಣೆ ಎಂಬ ಪದಗಳೆಲ್ಲ ತಡೆಯಿಲ್ಲದೆ ಒದಗಿಬಂದವು; ತೊಡಕಾದದ್ದು ‘ಹದ’ ಎಂಬ ಒಂದು ಪದ ಮಾತ್ರ.

ಲಾರಿಯ ಪಟ್ಟಿ ಸ್ಪ್ರಿಂಗಿನಂತಹ ಉಕ್ಕಿನಿಂದ ಚಾಕು ಮಾಡುವಾಗ, ಆಕಾರ ಕೊಟ್ಟಾದ ಮೇಲೆ, ಬೆಂಕಿಯ ಕೆಲಸ ಎರಡು ಬಾರಿ ಇರುತ್ತದೆ. ಮೊದಲನೆಯದರಲ್ಲಿ ಅಲಗನ್ನು ಅಯಸ್ಕಾಂತ ಅಂಟದಷ್ಟು, ಎಂದರೆ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಷ್ಟು, ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದುತ್ತೇವೆ; ಆಗ ಉಕ್ಕು ಅರ ಆಡಿಸಿದರೂ ಜಾರುವಷ್ಟು ಗಡಸಾಗುತ್ತದೆ. ಎರಡನೆಯದರಲ್ಲಿ ಅದೇ ಅಲಗನ್ನು ಸುಮಾರು 200 ಡಿಗ್ರಿಯ ಅವನ್‌ನಲ್ಲಿ ಎರಡು ಗಂಟೆ ಇಟ್ಟು, ಅತಿಯಾದ ಗಡಸುತನವನ್ನು ಸ್ವಲ್ಪ ತಗ್ಗಿಸಿ, ಮುರಿಯದ ಹಾಗೆ ಮಾಡುತ್ತೇವೆ. ನನ್ನ ಟಿಪ್ಪಣಿಯಲ್ಲಿ ಎರಡಕ್ಕೂ ‘ಹದ ಹಾಕುವುದು’ ಎಂದೇ ಬರೆದುಕೊಂಡಿದ್ದೆ. ಕೆಲವು ದಿನಗಳ ನಂತರ ಓದಿದಾಗ, ಒಂದೇ ಹಂತವನ್ನು ಮರೆತು ಎರಡು ಸಲ ಬರೆದಿದ್ದೇನೆಂದು ಭಾವಿಸಿ ಒಂದನ್ನು ಹೊಡೆದುಹಾಕಿದೆ. ಅರ ಜಾರಿದ್ದನ್ನು ಕಂಡು ಹಿಗ್ಗಿದ್ದ ನನ್ನ ಮೊದಲ ಚಾಕು ಮೇಜಿನಿಂದ ಸಿಮೆಂಟು ನೆಲಕ್ಕೆ ಬಿದ್ದು, ತುದಿಯ ಒಂದು ಬೆರಳಗಲದಷ್ಟು ಗಾಜಿನಂತೆ ಸಿಡಿದುಹೋಯಿತು. ಮುರಿದ ಕಡೆ ನೋಡಿದರೆ ಬೂದುಬಣ್ಣದ ಸಣ್ಣ ಹರಳು ಹರಳು. ಬಾಗಿದ ಗುರುತೇ ಇರಲಿಲ್ಲ.

ಒಂದೇ ಪದ ಏಕಿದೆ ಎಂಬುದು ಕಲ್ಲುಕುಟಿಗರ ಚಾಣಕ್ಕೆ ಹದ ಹಾಕುವುದನ್ನು ಹತ್ತಿರದಿಂದ ನೋಡಿದಾಗ ತಿಳಿಯಿತು. ಕಮ್ಮಾರರು ಕಾದ ಚಾಣದ ಮೊನೆಯನ್ನಷ್ಟೇ ನೀರಿಗೆ ಅದ್ದಿ, ಮೇಲ್ಭಾಗ ಇನ್ನೂ ಕೆಂಪಗಿರುವಾಗಲೇ ಎತ್ತಿ, ಮೊನೆಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಮೇಲಿನ ಕಾವು ಮೊನೆಯ ಕಡೆಗೆ ಇಳಿಯುತ್ತ ಬಂದಂತೆ ಉಜ್ಜಿದ ಜಾಗದಲ್ಲಿ ಮೊದಲು ಒಣಹುಲ್ಲಿನ ಹಳದಿ, ಹಿಂದೆಯೇ ಕಂದು, ಆಮೇಲೆ ನೇರಳೆ ಮತ್ತು ನೀಲಿ ಹರಿದುಬರುತ್ತವೆ. ಬೇಕಾದ ಬಣ್ಣ ಮೊನೆ ಮುಟ್ಟಿದ ಕ್ಷಣವೇ ಪೂರ್ತಿ ಮುಳುಗಿಸುತ್ತಾರೆ. ಗಡಸಾಗಿಸುವುದೂ ಅದನ್ನು ತಗ್ಗಿಸುವುದೂ ಒಂದೇ ಕಾವಿನಲ್ಲಿ ಮುಗಿದುಹೋಗುವುದರಿಂದ ಅವರಿಗೆ ಎರಡು ಪದಗಳ ಅಗತ್ಯವೇ ಬೀಳುವುದಿಲ್ಲ. ಇಡೀ ಅಲಗನ್ನು ಎಣ್ಣೆಯಲ್ಲಿ ಮುಳುಗಿಸಿ, ತಣಿದ ಮೇಲೆ ಬೇರೆಯಾಗಿ ಕಾಸುವ ನಮ್ಮಂತಹ ಹವ್ಯಾಸಿಗಳಿಗೆ ಮಾತ್ರ ಕೆಲಸ ಎರಡಾಗಿ ಸೀಳಿದೆ, ಪದ ಸೀಳಿಲ್ಲ.

ಹೀಗಿರುವಾಗ ‘ಹದ’ವನ್ನು ಯಾವ ಹಂತಕ್ಕೆ ಉಳಿಸಿಕೊಳ್ಳಬೇಕು? ಎರಡನೆಯದಕ್ಕೇ ಎಂಬುದು ನನ್ನ ಅಭಿಪ್ರಾಯ. ಪಾಕದ ಹದ, ಬಿತ್ತನೆಗೆ ಬಂದ ಹೊಲದ ಹದ, ಚರ್ಮ ಹದಮಾಡುವುದು, ಇವುಗಳಲ್ಲಿ ಯಾವುದೂ ಅತಿಯನ್ನು ಹೇಳುವುದಿಲ್ಲ. ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಸ್ಥಿತಿಯನ್ನು ಹೇಳುತ್ತವೆ. (ಹಳಗನ್ನಡದ ‘ಪದ’ವೇ ಇಂದಿನ ‘ಹದ’. ತಮಿಳರು ಅನ್ನ ಬೆಂದಿದೆಯೇ ಎಂದು ಅಗುಳು ಹಿಚುಕಿ ನೋಡುವಾಗ ಈಗಲೂ ‘ಪದಂ’ ಎನ್ನುತ್ತಾರೆ. ಪದಚರ್ಚೆಯಲ್ಲಿ ‘ಪದ’ವೇ ಬಂದದ್ದಕ್ಕೆ ಕ್ಷಮೆಯಿರಲಿ.) ಎಣ್ಣೆಯಿಂದ ಆಗತಾನೆ ಎತ್ತಿದ ಅಲಗು ನಮ್ಮ ಮಾತಿನ ಪ್ರಕಾರ ಹದ ಮೀರಿದ್ದೇ ಹೊರತು ಹದಗೊಂಡದ್ದಲ್ಲ. ಆದ್ದರಿಂದ ಎರಡನೆಯ ಹಂತವನ್ನು ‘ಹದಕ್ಕೆ ಇಳಿಸುವುದು’ ಎನ್ನಬಹುದೆಂದು ತೋರುತ್ತದೆ. ಮೊದಲನೆಯದಕ್ಕೆ ಪಠ್ಯಪುಸ್ತಕದ ಧಾಟಿಯ ‘ಗಡಸುಗೊಳಿಸುವುದು’ ಇದೆಯಾದರೂ ಅದರಲ್ಲಿ ಕಾಸಿ ಅದ್ದುವ ಚಿತ್ರವಿಲ್ಲ. ‘ಅದ್ದುವುದು’ ಎಂದರೆ ಪರಿಣಾಮದ ಸುಳಿವಿಲ್ಲ. ‘ನೀರು ಹಾಕುವುದು’ ಎಂದರೆ ಎಣ್ಣೆ ಬಳಸುವವನಿಗೆ ಇರುಸುಮುರುಸು. ‘ಹಣಿಸುವುದು’ ಬಡಿದು ತೆಳುಮಾಡುವ ಕೆಲಸ, ‘ಕಕ್ಕು ಹಾಕುವುದು’ ಕುಡುಗೋಲಿಗೆ ಹಲ್ಲು ಮೂಡಿಸುವ ಕೆಲಸವಾದ್ದರಿಂದ ಇವೆರಡೂ ಇಲ್ಲಿಗೆ ಹೊಂದುವುದಿಲ್ಲ. ನಿಮ್ಮ ಸೀಮೆಯ ಕುಲುಮೆಗಳಲ್ಲಿ ಕಾದ ಉಕ್ಕನ್ನು ತಟ್ಟನೆ ತಣಿಸುವುದಕ್ಕೆ ಪ್ರತ್ಯೇಕವಾದ ಕ್ರಿಯಾಪದ ಬಳಕೆಯಲ್ಲಿದ್ದರೆ ದಯವಿಟ್ಟು ಅದನ್ನು, ಸಾಧ್ಯವಾದರೆ ಅವರು ಆಡುವ ಇಡೀ ವಾಕ್ಯದೊಡನೆ, ತಿಳಿಸಬೇಕಾಗಿ ವಿನಂತಿ.

ಇದರ ಜೊತೆಗೇ ಇನ್ನೊಂದು ಸಣ್ಣ ಪ್ರಶ್ನೆ. ಚಾಕುವಿನ ಅಲಗು, ಬೆನ್ನು, ಬಾಯಿ, ಮೊನೆ, ಹಿಡಿ ಇವಕ್ಕೆಲ್ಲ ಹೆಸರಿದೆ. ಹಿಡಿಯೊಳಗೆ ಅಡಗಿ ಕೂರುವ ಕಬ್ಬಿಣದ ಭಾಗಕ್ಕೆ ಏನೆನ್ನಬೇಕು? ‘ಕಾವು’ ಎನ್ನೋಣವೆಂದರೆ ಅದು ಕೊಡಲಿ, ಗುದ್ದಲಿಗಳಲ್ಲಿ ಕಬ್ಬಿಣದ ಕಣ್ಣಿನೊಳಗೆ ಹೋಗುವ ಮರ. ಇಲ್ಲಿ ಮರದೊಳಗೆ ಕಬ್ಬಿಣ ಹೋಗುತ್ತದೆ. ಸದ್ಯಕ್ಕೆ ನನ್ನ ಟಿಪ್ಪಣಿಯಲ್ಲಿ ‘ಬಾಲ’ ಎಂದು ಬರೆದುಕೊಂಡಿದ್ದೇನೆ. ಕುಡುಗೋಲಿಗೆ ಹಿಡಿ ಕೂರಿಸುವವರು ಅದನ್ನು ಕರೆಯುವ ಹೆಸರು ಸಿಕ್ಕರೆ ಇದನ್ನು ಅಳಿಸಿ ಅದನ್ನೇ ಬರೆಯುತ್ತೇನೆ.