ಮಜ್ಜೆ ಕಸಿ ಕುಟುಂಬಗಳ ಗುಂಪು: ರಕ್ತರೋಗ ತಜ್ಞರಿಗೆ ಪ್ರಶ್ನೆಗಳು

ಹಾಸನದ ಸದಸ್ಯೆ: ಅಣ್ಣನಿಗೆ ಕಸಿಯಾಗಿ 12ನೇ ದಿನ. ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡೋ ಬಿಳಿ ರಕ್ತಕಣ) 80. ಜ್ವರ ಬಿಡ್ತಿಲ್ಲ, ಫಂಗಸ್ ಔಷಧಿ ಶುರು ಮಾಡಿದ್ದಾರೆ. ಅಂದ್ರೆ ಫಂಗಸ್ ಇದೆ ಅಂತಾನಾ ಸರ್?

ಡಾಕ್ಟರ್: ಇರಲೇಬೇಕು ಅಂತಿಲ್ಲ. ಕೌಂಟ್ 500ರ ಕೆಳಗಿದ್ದು, ಆಂಟಿಬಯಾಟಿಕ್‌ಗೂ ಜ್ವರ ಜಗ್ಗದಿದ್ದರೆ ರಿಪೋರ್ಟ್ ಕಾಯದೆ ಕೊಡ್ತೀವಿ. ಸತತ ಮೂರು ದಿನ 500 ದಾಟಿದರೆ ಕಸಿ ಹಿಡಿದಿದೆ ಅಂತ ಲೆಕ್ಕ.

ತುಮಕೂರಿನ ಸದಸ್ಯ: ಕೌಂಟ್ 300. ದ್ರಾಕ್ಷಿ ಕೊಡಬಹುದಾ?

ಡಾಕ್ಟರ್: ಹಣ್ಣಿನ ಪ್ರಶ್ನೆ ಇದು ಮೂರನೇ ಸಲ. ವಾರ್ಡಿನ ಡಯಟೀಷಿಯನ್‌ನ ಕೇಳಿ.

ಶಿವಮೊಗ್ಗದ ಸದಸ್ಯೆ: ಯಜಮಾನರಿಗೆ ಅವರ ತಂಗಿಯ ಮಜ್ಜೆ, 80ನೇ ದಿನ. ಜಿವಿಎಚ್‌ಡಿಗೆ (ದಾನಿಯ ಕಣಗಳು ರೋಗಿಯ ದೇಹದ ಮೇಲೇ ದಾಳಿ ಮಾಡೋ ತೊಂದರೆ) ಸ್ಟೆರಾಯ್ಡ್ ನಡೀತಿದೆ. ನ್ಯೂಟ್ರೋಫಿಲ್ 9,200 ಅಂತ ನೆಮ್ಮದಿಯಾಗಿದ್ವಿ. ನಿನ್ನೆಯಿಂದ ಉಸಿರೆಳೆದರೆ ಎದೆ ಚುಚ್ಚುತ್ತೆ, ಕಫದಲ್ಲಿ ರಕ್ತದ ಗೆರೆ. ಜ್ವರ ಇಲ್ಲ. ಸೋಮವಾರದವರೆಗೆ ಕಾಯಬಹುದಾ?

ಡಾಕ್ಟರ್: ಬೇಡ. ಈಗಲೇ ಕಸಿ ಮಾಡಿದ ಆಸ್ಪತ್ರೆಗೆ ಹೊರಡಿ, ಎದೆಯ ಸಿಟಿ ಸ್ಕ್ಯಾನ್ ಆಗಬೇಕು. ಆ 9,200 ನಂಬಬೇಡಿ. ರಕ್ತನಾಳದ ಗೋಡೆಗೆ ಅಂಟಿಕೊಂಡಿರೋ ನ್ಯೂಟ್ರೋಫಿಲ್‌ಗಳನ್ನ ಸ್ಟೆರಾಯ್ಡ್ ಬಿಡಿಸಿ ರಕ್ತಕ್ಕೆ ತರುತ್ತೆ, ಸಂಖ್ಯೆ ಏರುತ್ತೆ. ಆದರೆ ಅವು ಸೋಂಕಿನ ಜಾಗಕ್ಕೆ ಸರಿಯಾಗಿ ಹೋಗಲ್ಲ. ಆಸ್ಪರ್ಜಿಲಸ್ ಅನ್ನೋ ಫಂಗಸ್‌ನ ಬೀಜಕಣ ಗಾಳಿಯಲ್ಲೇ ಇರುತ್ತೆ, ಎಲ್ಲರೂ ಉಸಿರಾಡ್ತೀವಿ. ಶ್ವಾಸಕೋಶದ ಕಾವಲು ಕಣಗಳಾದ ಮ್ಯಾಕ್ರೋಫೇಜ್‌ಗಳು ನುಂಗಿಬಿಡ್ತವೆ. ಸ್ಟೆರಾಯ್ಡ್ ಅವನ್ನೂ ಮಂಕು ಮಾಡುತ್ತೆ. ತಪ್ಪಿಸಿಕೊಂಡ ಕಣ ಮೊಳೆತು ಎಳೆ ಬಿಟ್ಟರೆ ನುಂಗೋಕೆ ಆಗದಷ್ಟು ಉದ್ದ. ಆಗ ನ್ಯೂಟ್ರೋಫಿಲ್‌ಗಳು ಮುತ್ತಿಕೊಂಡು ವಿಷ ಸುರಿದು, ತಮ್ಮದೇ ಡಿಎನ್‌ಎ ಬಲೆ ಬೀಸಿ ತಡೀಬೇಕು. ತಡೀದಿದ್ದರೆ ಎಳೆ ರಕ್ತನಾಳಕ್ಕೆ ನುಗ್ಗುತ್ತೆ, ಕಫದಲ್ಲಿ ರಕ್ತ ಬರೋದು ಹಾಗೆ. ಸ್ಟೆರಾಯ್ಡ್ ಮೇಲಿದ್ದಾಗ ಜ್ವರ ಬರದೇನೂ ಇರಬಹುದು. ಹಾಗಂತ ನೀವಾಗೇ ಸ್ಟೆರಾಯ್ಡ್ ನಿಲ್ಲಿಸಬೇಡಿ.

ಮಂಡ್ಯದ ಸದಸ್ಯ: ಫಾರ್ವರ್ಡ್ ಬಂದಿದೆ, ಅಮೃತಬಳ್ಳಿ ಕಷಾಯ ಕುಡಿದರೆ ಬಿಳಿ ರಕ್ತಕಣ ಏರುತ್ತಂತೆ.

ಡಾಕ್ಟರ್: ಕೊಡಬೇಡಿ. ಅದರಿಂದ ಲಿವರ್ ಕೆಟ್ಟ ಕೇಸುಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಫಾರ್ವರ್ಡ್ ಮಾಡಿದವರು ಐಸಿಯುಗೆ ಬರಲ್ಲ.

ಮಂಡ್ಯದ ಸದಸ್ಯ: ನಮ್ಮಜ್ಜಿ ತೊಂಬತ್ತರವರೆಗೆ ಕುಡಿದ್ರು.

ಹುಬ್ಬಳ್ಳಿಯ ಸದಸ್ಯೆ: ನಿಮ್ಮಜ್ಜಿಗೆ ಕಸಿ ಆಗಿತ್ತೇನ್ರೀ?

ಮಂಡ್ಯದ ಸದಸ್ಯ: ಮರ್ಯಾದೆ ಕೊಟ್ಟು ಮಾತಾಡಿ. ಇಂಗ್ಲಿಷ್ ಔಷಧಿ ಲಿವರ್ ಕೆಡಿಸಲ್ವಾ?

ಹುಬ್ಬಳ್ಳಿಯ ಸದಸ್ಯೆ: ಕೆಡಿಸ್ತದ, ಅದಕ್ಕ ಆಗಾಗ ರಕ್ತ ಪರೀಕ್ಷೆ ಮಾಡ್ತಾರ. ನಿಮ್ಮ ಕಷಾಯಕ್ಕ ಯಾರು ಮಾಡ್ತಾರ?

ಉಡುಪಿಯ ಸದಸ್ಯ: ಸರ್, ನನ್ನ ನ್ಯೂಟ್ರೋಫಿಲ್ ತೆಗೆದು ಮಗಳಿಗೆ ಏರಿಸಬಹುದಾ?

ಮಂಡ್ಯದ ಸದಸ್ಯ: ಅಡ್ಮಿನ್, ಈ ಹುಬ್ಬಳ್ಳಿಯವರನ್ನ ಗುಂಪಿನಿಂದ ತೆಗೀರಿ.

ಶಿವಮೊಗ್ಗದ ಸದಸ್ಯೆ: ಸಿಟಿ ಆಯ್ತು ಸರ್. ಬಲಗಡೆ ಗಂಟು, ಸುತ್ತ ಮಬ್ಬು. ಅಡ್ಮಿಟ್ ಆಗಿದ್ದಾರೆ, ಫಂಗಸ್ ಔಷಧಿ ವೊರಿಕೊನಜೋಲ್ ಹಾಕ್ತಾರಂತೆ.

ಡಾಕ್ಟರ್: ಸರಿ. ಟ್ಯಾಕ್ರೋಲಿಮಸ್ (ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆ) ತಗೊಳ್ತಿದ್ದರೆ ಈಗಲೇ ಅಲ್ಲಿಯ ಡಾಕ್ಟರಿಗೆ ನೆನಪಿಸಿ. ವೊರಿಕೊನಜೋಲ್ ರಕ್ತದಲ್ಲಿ ಅದರ ಮಟ್ಟ ಏರಿಸುತ್ತೆ, ಹಾಗಾಗಿ ಅದರ ಡೋಸ್ ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಸಬೇಕಾಗುತ್ತೆ. ಮನೆಯಿಂದ ತಂದ ಮಾತ್ರೆ ನೀವಾಗಿ ಕೊಡಬೇಡಿ.