41 ವಿಡಿಯೋ, 212 ಸಬ್‌ಸ್ಕ್ರೈಬರ್: ಕಂತಿನಲ್ಲಿ ಕ್ಯಾಮೆರಾ ತೆಗೆದುಕೊಳ್ಳಲೇ?

ಮೂಡಿಗೆರೆ ರೈಟರ್ (ಏಪ್ರಿಲ್ 11)

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದೇನೆ. ಬೆಳಿಗ್ಗೆ ಹಾಜರಿ, ಆಮೇಲೆ ಗೊಬ್ಬರ, ಡೀಸೆಲ್, ಚೀಲಗಳ ಲೆಕ್ಕ, ವಾರಕ್ಕೊಮ್ಮೆ ಬಟವಾಡೆ. ಸಂಬಳ 18,000 ರೂಪಾಯಿ. ಮಗಳು ಈ ವರ್ಷ ಹಾಸನದಲ್ಲಿ ಡಿಪ್ಲೊಮಾ ಸೇರುವವಳಿದ್ದಾಳೆ. ಹಾಸ್ಟೆಲ್ ಖರ್ಚು ಈಗಲೇ ಕಣ್ಣಿಗೆ ಕಟ್ಟಿದಂತಿದೆ.

ಕಳೆದ ಆಗಸ್ಟ್‌ನಲ್ಲಿ ಯೂಟ್ಯೂಬ್ ಚಾನೆಲ್ ಆರಂಭಿಸಿದೆ. ತೋಟದ ಕೆಲಸಗಳೇ ವಿಷಯ: ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು), ಚಿಗುರು ತೆಗೆಯುವುದು, ಹಣ್ಣು ಕೊಯ್ಲು, ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಕಣ. ಇದುವರೆಗೆ 41 ವಿಡಿಯೋ ಹಾಕಿದ್ದೇನೆ. ಒಂಟಿ ಬಿದಿರಿನ ಏಣಿ ಹತ್ತಿ ಸಿಲ್ವರ್ ಮರದಿಂದ ಮೆಣಸು ಕೊಯ್ಯುವ 28 ಸೆಕೆಂಡಿನ ಶಾರ್ಟ್ಸ್ ಒಂದನ್ನು 83,000 ಜನ ನೋಡಿದರು. ಆ ರಾತ್ರಿ ನನಗೂ ಹೆಂಡತಿಗೂ ನಿದ್ದೆ ಬರಲಿಲ್ಲ. ಮಾರನೆಯ ವಾರ ಬಹಳ ಕಷ್ಟಪಟ್ಟು ಮಾಡಿದ 16 ನಿಮಿಷದ ವಿಡಿಯೋವನ್ನು 57 ಜನ ನೋಡಿದರು. ಅದರಲ್ಲಿ ಹತ್ತು ಮಂದಿ ನಮ್ಮ ನೆಂಟರೇ. ಸಬ್‌ಸ್ಕ್ರೈಬರ್ 212ಕ್ಕೆ ನಿಂತುಬಿಟ್ಟಿದೆ.

ನನ್ನ ಭಾವಮೈದುನ ಹೇಳುವ ಪ್ರಕಾರ ಮೊಬೈಲ್ ಚಿತ್ರಕ್ಕೆ ಬೆಲೆಯಿಲ್ಲ, 62,000ದ ಕ್ಯಾಮೆರಾ ಬೇಕು, 12 ಕಂತಿನಲ್ಲಿ ಸಿಗುತ್ತದೆ. ತೆಗೆದುಕೊಳ್ಳಲೇ? ಶಾರ್ಟ್ಸ್ ಮಾತ್ರ ಮಾಡಿದರೆ ಹಣ ಬರುತ್ತದೆಯೇ? ಅನುಭವ ಇದ್ದವರು ಹೇಳಿ. ಬೈದರೂ ಪರವಾಗಿಲ್ಲ.

ಬೆಳೆಯುವ ಬಳಗ (ಏಪ್ರಿಲ್ 11)

ಅಣ್ಣ, ನನ್ನ ಚಾನೆಲ್‌ಗೆ ನೀವು ಸಬ್‌ಸ್ಕ್ರೈಬ್ ಆಗಿ, ನಿಮ್ಮದಕ್ಕೆ ನಾನಾಗುತ್ತೇನೆ. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ 200 ಜನ ಇದ್ದೇವೆ. ಒಂದೇ ವಾರದಲ್ಲಿ 400 ದಾಟುತ್ತೀರಿ.

ತಾಮ್ರದ ತಂತಿ, ಹಾಸನ (ಏಪ್ರಿಲ್ 12)

ರೈಟರೇ, ಮೊದಲು ಮೇಲಿನ ಸಲಹೆಯನ್ನು ಬದಿಗಿಡಿ. ಹೀಗೆ ಕೊಡು-ಕೊಳ್ಳುವ ಸಬ್‌ಸ್ಕ್ರೈಬರುಗಳನ್ನು ಯೂಟ್ಯೂಬ್ ನಿಯಮವೇ ನಿಷೇಧಿಸಿದೆ. ನಿಯಮ ಇಲ್ಲದಿದ್ದರೂ ಆ ಇನ್ನೂರು ಜನ ನಿಮ್ಮ ಕಾಫಿ ಕಣವನ್ನು ನೋಡುವವರಲ್ಲ. ಬಂದು ಹತ್ತು ಸೆಕೆಂಡಿಗೆ ಎದ್ದು ಹೋಗುತ್ತಾರೆ. ಎದ್ದು ಹೋದದ್ದನ್ನು ಯೂಟ್ಯೂಬ್ ಲೆಕ್ಕ ಇಡುತ್ತದೆ.

ನಾನು ಹಾಸನದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟು 19 ವರ್ಷವಾಯಿತು. ಆಲೂರು, ಅರಕಲಗೂಡು, ಅರಸೀಕೆರೆ ಕಡೆಯಿಂದ ಸುಟ್ಟ ಪಂಪ್‌ಗಳು ಬರುತ್ತವೆ. ನಾಲ್ಕು ವರ್ಷದಿಂದ ಚಾನೆಲ್ ಇದೆ. ನಾನು ಮಾಡಿದ ಮೊದಲ ತಪ್ಪನ್ನೇ ನೀವೂ ಮಾಡುತ್ತಿದ್ದೀರಿ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನ ಮೊದಲ ವಿಡಿಯೋದ ಹೆಸರು «ಸಿಂಗಲ್ ಫೇಸ್ ಇಂಡಕ್ಷನ್ ಮೋಟಾರಿನ ಆರಂಭಿಕ ದೋಷಗಳು». ಐಟಿಐ ಪುಸ್ತಕದ ಹಾಗೆ ಇರಬೇಕು ಎಂದು ನನ್ನ ಆಸೆ. ತಿಂಗಳಿಗೆ 30 ಜನ ನೋಡುತ್ತಿದ್ದರು. ಒಂದು ದಿನ ಅರಕಲಗೂಡಿನ ರೈತರೊಬ್ಬರು ಕರೆ ಮಾಡಿ, «ಮೋಟಾರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ, ಏನು ಮಾಡಲಿ?» ಎಂದರು. ಅಂಥ ಮಾತು ನನ್ನ ಅಂಗಡಿಯಲ್ಲಿ ದಿನಕ್ಕೆ ಮೂರು ಸಲ ಕೇಳುತ್ತದೆ. ಕೆಪಾಸಿಟರ್ ಹೋಗಿದೆಯೇ ಎಂದು ಮೊದಲು ನೋಡಿ ಎಂದು ಹೇಳಿ ಫೋನ್ ಇಟ್ಟೆ. ಆ ಸಂಜೆ ವಿಡಿಯೋದ ಹೆಸರನ್ನು ಬದಲಿಸಿದೆ: «ಮೋಟಾರ್ ಗುಂಯ್ ಎನ್ನುತ್ತದೆ, ತಿರುಗುತ್ತಿಲ್ಲವೇ?» ವಿಡಿಯೋ ಅದೇ, ಒಂದು ಸೆಕೆಂಡೂ ಬದಲಿಸಲಿಲ್ಲ. ಮುಂದಿನ ಮಾರ್ಚ್‌ನಲ್ಲಿ, ಬೋರ್‌ವೆಲ್‌ಗಳು ಒದ್ದಾಡುವ ಹೊತ್ತಿಗೆ, ದಿನಕ್ಕೆ 200 ಜನ ನೋಡತೊಡಗಿದರು. ನೀರು ನಿಂತ ತೋಟದಲ್ಲಿ ಪಂಪ್ ಪಕ್ಕ ಕುಳಿತ ಮನುಷ್ಯ ಮೊಬೈಲ್‌ನಲ್ಲಿ «ಇಂಡಕ್ಷನ್» ಎಂದು ಹುಡುಕುವುದಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿನ್ನೆ ರಾತ್ರಿ ಅಂಗಡಿ ಮುಚ್ಚಿ ನಿಮ್ಮ 16 ನಿಮಿಷದ «ನಮ್ಮ ತೋಟದಲ್ಲಿ ಒಂದು ದಿನ» ನೋಡಿದೆ. ಮೊದಲ 45 ಸೆಕೆಂಡು ಮಂಜು, ಕೊಳಲು. ಆಮೇಲೆ «ನಮಸ್ಕಾರ ವೀಕ್ಷಕರೇ, ಎಲ್ಲರೂ ಚೆನ್ನಾಗಿದ್ದೀರಾ?». ನಾನು ಹಟ ಹಿಡಿದು ಕುಳಿತಿದ್ದರಿಂದ 11ನೇ ನಿಮಿಷಕ್ಕೆ ಬಂದೆ. ಅಲ್ಲಿ ನೀವು ಬೋರ್ಡೋ ದ್ರಾವಣಕ್ಕೆ, ಅಂದರೆ ರೋಗ ಬಾರದಂತೆ ಗಿಡಕ್ಕೆ ಹೊಡೆಯುವ ಮೈಲುತುತ್ತ (ತಾಮ್ರದ ಲವಣ) ಮತ್ತು ಸುಣ್ಣದ ನೀರಿಗೆ, ಕತ್ತಿ ಅದ್ದಿ, ಅದರ ಮೇಲೆ ಕೆಂಪು ಬಣ್ಣ ಕೂತದ್ದನ್ನು ತೋರಿಸಿ, «ಸುಣ್ಣ ಸಾಲದು, ಇನ್ನೂ ಸ್ವಲ್ಪ ಬೇಕು» ಎಂದಿರಿ. ನಾನು ತಾಮ್ರದಲ್ಲೇ ಬದುಕುವವನು. ಕಬ್ಬಿಣದ ಮೇಲೆ ತಾಮ್ರ ಕೂರುವುದನ್ನು ಅಷ್ಟು ಸರಳವಾಗಿ ಯಾರೂ ನನಗೆ ತೋರಿಸಿರಲಿಲ್ಲ. ಕುರ್ಚಿಯಿಂದ ಎದ್ದೆ.

ಅದೇ ನಿಮ್ಮ ವಿಡಿಯೋ, ರೈಟರೇ. ಉಳಿದ 15 ನಿಮಿಷ ಅದನ್ನು ಹೂತು ಹಾಕಿದ ಮಣ್ಣು. ಬೋರ್ಡೋ ಕಾಫಿಯವರಿಗಷ್ಟೇ ಅಲ್ಲ, ಅಡಿಕೆಯ ಕೊಳೆರೋಗಕ್ಕೂ ಬೇಕು, ಮೆಣಸಿನ ಬಳ್ಳಿಗೂ ಬೇಕು. ಮಳೆಗಾಲದ ಮುಂಚೆ, ಮೇ ತಿಂಗಳಲ್ಲಿ, ಮಲೆನಾಡಿನ ಅರ್ಧಕ್ಕರ್ಧ ಜನ ಅದನ್ನೇ ಕಲೆಸುತ್ತಿರುತ್ತಾರೆ. ನಾಲ್ಕು ನಿಮಿಷದಲ್ಲಿ ಅದೊಂದನ್ನೇ ಮಾಡಿ. ಮೊದಲ ಐದು ಸೆಕೆಂಡಿನಲ್ಲಿ ಕೆಂಪಾದ ಕತ್ತಿ ಕಾಣಬೇಕು. ನಮಸ್ಕಾರ ಆಮೇಲೆ ಹೇಳಿ, ಅಥವಾ ಹೇಳಲೇಬೇಡಿ.

ಲೆಕ್ಕ ಬರೆಯುವವರು ನೀವು, ಆದ್ದರಿಂದ ಲೆಕ್ಕದಲ್ಲೇ ಹೇಳುತ್ತೇನೆ. ಜಾಹೀರಾತಿನ ಪಾಲು ಬರಬೇಕಾದರೆ 1,000 ಸಬ್‌ಸ್ಕ್ರೈಬರ್ ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಇರಬೇಕು. ಅದಿಲ್ಲದಿದ್ದರೆ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ. 500 ಸಬ್‌ಸ್ಕ್ರೈಬರ್ ಮತ್ತು 3,000 ಗಂಟೆಗೆ ಒಂದು ಕೆಳಗಿನ ಮೆಟ್ಟಿಲೂ ಇದೆ, ಆದರೆ ಅಲ್ಲಿ ಅಭಿಮಾನಿಗಳು ಕೊಟ್ಟ ಹಣ ಬರುತ್ತದೆಯೇ ಹೊರತು ಜಾಹೀರಾತಿನದಲ್ಲ. ನಿಮ್ಮ ಮೆಣಸಿನ ಏಣಿಯ 83,000ವನ್ನು ಜನ ಶಾರ್ಟ್ಸ್ ಸಾಲಿನಲ್ಲಿ ಬೆರಳಾಡಿಸುತ್ತಾ ನೋಡಿದ್ದು. ಅದು ಆ 4,000 ಗಂಟೆಗೆ ಸೇರುವುದಿಲ್ಲ. 1 ಕೋಟಿ ಮುಟ್ಟಬೇಕಾದರೆ ಮೂರು ತಿಂಗಳಲ್ಲಿ ಅಂಥ 120 ಏಣಿ ಹತ್ತಬೇಕು.

4,000 ಗಂಟೆ ಎಂದರೆ 2,40,000 ನಿಮಿಷ. ಒಬ್ಬೊಬ್ಬರು ಸರಾಸರಿ 4 ನಿಮಿಷ ನೋಡಿದರೆ 60,000 ವೀಕ್ಷಣೆ ಸಾಕು. 2 ನಿಮಿಷಕ್ಕೇ ಎದ್ದು ಹೋದರೆ 1,20,000 ಬೇಕು. ನಿಮ್ಮ ಚಾನೆಲ್‌ನ ಅನಲಿಟಿಕ್ಸ್‌ನಲ್ಲಿ ಪ್ರತಿ ವಿಡಿಯೋಗೂ ಒಂದು ಇಳಿಜಾರು ಗೆರೆ ಇರುತ್ತದೆ, ಜನ ಎಲ್ಲಿ ಎದ್ದು ಹೋದರು ಎಂದು ಅದು ತೋರಿಸುತ್ತದೆ. ಕೊಳಲಿನ ಜಾಗದಲ್ಲಿ ಆ ಗೆರೆ ಕಡಿದಾಗಿ ಬಿದ್ದಿರುವುದನ್ನು ನೀವೇ ನೋಡಿ.

ಕ್ಯಾಮೆರಾ ಬೇಡ. 62,000 ನಿಮ್ಮ ಮೂರೂವರೆ ತಿಂಗಳ ಸಂಬಳ. ನಿಮ್ಮ ಚಿತ್ರ ಚೆನ್ನಾಗಿಯೇ ಇದೆ, ಮಾತು ಕೇಳುವುದಿಲ್ಲ. ತಗಡಿನ ಮೇಲೆ ಮಳೆ ಸುರಿಯುವಾಗ ನಿಂತು ಮಾತನಾಡಿದ್ದೀರಿ! 700-800 ರೂಪಾಯಿಗೆ ತಂತಿಯ ಕಾಲರ್ ಮೈಕ್ ಸಿಗುತ್ತದೆ, ಸ್ಪಂಜಿನ ಟೋಪಿ ಇರುವಂಥದ್ದನ್ನು ತೆಗೆದುಕೊಳ್ಳಿ. ವಿವರಣೆಯ ಮಾತನ್ನು ಪ್ರತ್ಯೇಕವಾಗಿ ಗೋದಾಮಿನಲ್ಲಿ, ಕಾಫಿ ಚೀಲಗಳ ನಡುವೆ ನಿಂತು ರೆಕಾರ್ಡ್ ಮಾಡಿ. ಗೋಣಿಯ ರಾಶಿ ಪ್ರತಿಧ್ವನಿಯನ್ನು ನುಂಗಿಬಿಡುತ್ತದೆ. ಬೆಂಗಳೂರಿನ ಸ್ಟುಡಿಯೋದವರು ಅದಕ್ಕೆ ದುಡ್ಡು ಕೊಡುತ್ತಾರೆ, ನಿಮಗೆ ಪುಕ್ಕಟೆ.

ಕೊನೆಗೆ ಹಣ. ಅನುಮತಿ ಸಿಕ್ಕ ಮೇಲೂ ನನ್ನ ಮೊದಲ 100 ಡಾಲರ್ ಕೂಡಲು ಏಳು ತಿಂಗಳು ಹಿಡಿಯಿತು. 100 ಆಗುವವರೆಗೆ ಅವರು ಕಳುಹಿಸುವುದಿಲ್ಲ. 10 ಡಾಲರ್ ಆದಾಗ ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಒಂದು ಪಿನ್ ಬರುತ್ತದೆ. ನಾನು ಹಳೆಯ ಮನೆಯ ವಿಳಾಸ ಕೊಟ್ಟು, ಆ ಪತ್ರ ಹಿಂದಿನ ಬೀದಿಯ ದಿನಸಿ ಅಂಗಡಿಯಲ್ಲಿ ಹಪ್ಪಳದ ಡಬ್ಬದ ಕೆಳಗೆ ಸಿಕ್ಕಿತು. ನೀವು ತೋಟದ ಲೈನ್ ಮನೆಯ (ಕೆಲಸಗಾರರ ಸಾಲು ಮನೆ) ವಿಳಾಸ ಕೊಡುವುದಾದರೆ ಅಂಚೆಯಣ್ಣನಿಗೆ ಮೊದಲೇ ಹೇಳಿಡಿ. ಅಮೆರಿಕದ ತೆರಿಗೆ ನಮೂನೆಯನ್ನೂ ತುಂಬಬೇಕು. ಅಲ್ಲಿಯ ವೀಕ್ಷಕರಿಂದ ಬಂದ ಹಣಕ್ಕೆ ಮಾತ್ರ ಅಲ್ಲಿ ಕಡಿತ. ತುಂಬದಿದ್ದರೆ ಎಲ್ಲ ಗಳಿಕೆಗೂ ಕತ್ತರಿ ಬೀಳಬಹುದು.

ನನಗೆ ನಿಜವಾದ ಲಾಭ ಬೇರೆ ಕಡೆಯಿಂದ ಬಂತು. ಆ ಏಳು ತಿಂಗಳಲ್ಲಿ ವಿಡಿಯೋ ನೋಡಿ ಬಂದ ಮೋಟಾರುಗಳು 31. ಬಿಲ್ ಪುಸ್ತಕದಲ್ಲಿ «ವಿ» ಎಂದು ಗುರುತು ಹಾಕಿದ್ದೇನೆ. ಗುಟ್ಟು ಬಿಟ್ಟುಕೊಟ್ಟೆ ಎಂದು ಪಕ್ಕದ ಅಂಗಡಿಯವರು ಇಂದಿಗೂ ಮುಖ ತಿರುಗಿಸುತ್ತಾರೆ. ಕೆಪಾಸಿಟರನ್ನು ತಾವೇ ಬದಲಿಸಿಕೊಂಡವರು ಕಾಯಿಲ್ ಸುಟ್ಟಾಗ ನನ್ನ ಹತ್ತಿರವೇ ಬರುತ್ತಾರೆ, ಅದು ಅವರಿಗೆ ತಿಳಿಯದು. ನಿಮಗೆ ಅಂಗಡಿ ಇಲ್ಲ, ಅದು ನಿಮ್ಮ ಕೊರತೆ. ಆದ್ದರಿಂದ ಮಗಳ ಹಾಸ್ಟೆಲ್ ಶುಲ್ಕಕ್ಕೆ ಈ ವರ್ಷ ಈ ಹಣವನ್ನು ನಂಬಬೇಡಿ.

ಕಳಲೆ ಪಲ್ಯ, ಚಿಕ್ಕಮಗಳೂರು (ಏಪ್ರಿಲ್ 12)

ತಂತಿ ಅಣ್ಣ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ನಾನು ಅತ್ತೆಯ ಅಡುಗೆಯನ್ನು ಹಾಕುವವಳು.

ಕೊಳಲು ಎಲ್ಲಿಯದು ರೈಟರೇ? ಕಡುಬಿನ ವಿಡಿಯೋಗೆ ನಾನು ಹಳೆಯ ಸಿನಿಮಾ ಹಾಡಿನ ತುಣುಕು ಹಾಕಿದ್ದೆ. ಯೂಟ್ಯೂಬ್ ಅದನ್ನು ತಾನಾಗಿಯೇ ಗುರುತಿಸಿತು. ವಿಡಿಯೋ ಉಳಿಯಿತು, ಅದರ ಜಾಹೀರಾತಿನ ಹಣ ಹಾಡಿನ ಹಕ್ಕುದಾರರಿಗೆ ಹೋಯಿತು. ಅದು ಬರಿಯ ಕ್ಲೈಮ್, ಅಷ್ಟಕ್ಕೆ ನಾನು ಪಾರಾದೆ. ಹಕ್ಕುದಾರರು ದೂರು ಕೊಟ್ಟು ವಿಡಿಯೋ ತೆಗೆಸಿದರೆ ಸ್ಟ್ರೈಕ್ ಬೀಳುತ್ತದೆ. 90 ದಿನದಲ್ಲಿ ಅಂಥ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಯೂಟ್ಯೂಬ್‌ನ ಆಡಿಯೋ ಲೈಬ್ರರಿಯಲ್ಲಿ ಪುಕ್ಕಟೆ ಸಂಗೀತವಿದೆ. ಇಲ್ಲವೇ ಜೀರುಂಡೆ ಸದ್ದನ್ನೇ ಬಿಡಿ, ಚೆನ್ನಾಗಿರುತ್ತದೆ.

ಇನ್ನೊಂದು ವಿಷಯ. ನಿಮ್ಮ ಹಣ್ಣು ಕೊಯ್ಲಿನ ವಿಡಿಯೋದಲ್ಲಿ ಒಬ್ಬ ಹೆಂಗಸು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ. ನೀವು ಆಗಲೂ ಮೊಬೈಲನ್ನು ತಿರುಗಿಸಲಿಲ್ಲ. ಹಾಜರಿ ಪುಸ್ತಕ ಹಿಡಿದವರಿಗೆ ಅವರು ಬೇಡ ಎನ್ನುವುದು ಹೇಗೆ? ಅವರನ್ನು ಕೇಳಿದ್ದಿರಾ? ತೋಟದ ಸಾಹುಕಾರರಿಗಾದರೂ ಹೇಳಿದ್ದೀರಾ?

ಮೂಡಿಗೆರೆ ರೈಟರ್ (ಏಪ್ರಿಲ್ 14)

ಎರಡು ದಿನ ಉತ್ತರಿಸಲಿಲ್ಲ, ಕ್ಷಮಿಸಿ. ಅಕ್ಕ, ಇಬ್ಬರನ್ನೂ ಕೇಳಿರಲಿಲ್ಲ. ಆ ವಿಡಿಯೋವನ್ನು ತೆಗೆದುಹಾಕಿದೆ. ಮಾರನೆಯ ದಿನ ಹಾಜರಿ ಹಾಕುವಾಗ ಆಕೆಗೆ ಹೇಳಿದೆ. «ನನ್ನ ಮಗ ಬೆಂಗಳೂರಿನಲ್ಲಿ ನೋಡಿ ಬೈದಿದ್ದ» ಎಂದಷ್ಟೇ ಹೇಳಿ ಕುಕ್ಕೆ ಎತ್ತಿಕೊಂಡು ಹೊರಟರು. ನನಗೆ ಅದು ಸಾಕಾಯಿತು.

ಸಾಹುಕಾರರಿಗೆ ಹೇಳಲು ಹೆದರಿಕೆಯಿತ್ತು. ಹೇಳಿದೆ. ಅವರು ಮೊದಲೇ ನೋಡಿದ್ದಾರೆ! ಕೆಲಸದ ಹೊತ್ತಿನಲ್ಲಿ ಮಾಡಬಾರದು, ತೋಟದ ಬೋರ್ಡ್ ಕಾಣಬಾರದು, ಮೆಣಸಿನ ಚೀಲ ಇಟ್ಟ ಕೋಣೆಯ ಹತ್ತಿರವೂ ಮೊಬೈಲ್ ಹೋಗಬಾರದು ಎಂದರು. ಮೆಣಸಿನ ಕಳ್ಳರ ಭಯ ಅವರಿಗೆ. ಹಾಗಾಗಿ ತಂತಿಯಣ್ಣನ ಗೋದಾಮಿನ ಸ್ಟುಡಿಯೋ ನನಗೆ ಸಿಗಲಿಲ್ಲ. ಮನೆಯಲ್ಲಿ ಕಂಬಳಿ ಹೊದ್ದು ಮಾತನಾಡುತ್ತೇನೆ.

ಕ್ಯಾಮೆರಾ ಬೇಡವೆಂದು ಭಾವಮೈದುನನಿಗೆ ತಿಳಿಸಿದೆ. ಅವನು ಮಾತು ಬಿಟ್ಟಿದ್ದಾನೆ.

ತಾಮ್ರದ ತಂತಿ, ಹಾಸನ (ಏಪ್ರಿಲ್ 14)

ಕಂಬಳಿ ಗೋಣಿಗಿಂತ ಮೇಲು. ಬೋರ್ಡೋ ವಿಡಿಯೋವನ್ನು ಮೇ ಎರಡನೇ ವಾರದೊಳಗೆ ಹಾಕಿ. ಮಳೆ ಹಿಡಿದ ಮೇಲೆ ಯಾರಿಗೂ ಬೇಡ.

ಮೂಡಿಗೆರೆ ರೈಟರ್ (ಮೇ 22)

ಹಾಕಿದೆ. ಭಾನುವಾರ ನಮ್ಮ ಮನೆಯ ಹಿಂದೆಯೇ ಮಾಡಿದ್ದು. ಹೆಸರು: «ಬೋರ್ಡೋ ಸರಿಯಾಗಿದೆಯೇ? ಕತ್ತಿ ಅದ್ದಿ ನೋಡಿ». 4 ನಿಮಿಷ 20 ಸೆಕೆಂಡು. ಪ್ಲಾಸ್ಟಿಕ್ ಡ್ರಮ್‌ನಲ್ಲಿ 1 ಕೆಜಿ ಮೈಲುತುತ್ತ, ಇನ್ನೊಂದರಲ್ಲಿ 1 ಕೆಜಿ ಸುಣ್ಣ, ತಲಾ 50 ಲೀಟರ್ ನೀರು, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುವುದು, ಕತ್ತಿ, ಮುಗಿಯಿತು. ಮೊದಲ ಸಲ ಬೇಕೆಂದೇ ಸುಣ್ಣ ಕಡಿಮೆ ಹಾಕಿ ಕತ್ತಿ ಕೆಂಪಾಗುವುದನ್ನು ತೋರಿಸಿದೆ. ಮಗಳು ಮೊಬೈಲ್ ಹಿಡಿದಳು. ಅಂದಿನ ದ್ರಾವಣ ಅಂದೇ ಮುಗಿಯಬೇಕಲ್ಲ, ಹಾಗಾಗಿ ಉಳಿದದ್ದನ್ನು ಪಕ್ಕದ ಮನೆಯವರ ಅಡಿಕೆಗೆ ಕೊಟ್ಟೆ.

ಒಂಬತ್ತು ದಿನದಲ್ಲಿ 1,340 ವೀಕ್ಷಣೆ, ಸರಾಸರಿ 2 ನಿಮಿಷ 50 ಸೆಕೆಂಡು. ಸಬ್‌ಸ್ಕ್ರೈಬರ್ 271. ಬಹಳವಲ್ಲ, ಗೊತ್ತು. ಆದರೆ ಕೆಳಗೆ 38 ಪ್ರಶ್ನೆಗಳಿವೆ, ಹಿಂದಿನ 41 ವಿಡಿಯೋಗಳಿಗೆ ಒಟ್ಟು ಸೇರಿಸಿದರೂ ಅಷ್ಟಿರಲಿಲ್ಲ. ಕೊಪ್ಪದವರೊಬ್ಬರು «ನಮ್ಮಲ್ಲಿ ಕತ್ತಿ ಸ್ಟೀಲ್, ಅದು ನಡೆಯುತ್ತದೆಯೇ?» ಎಂದು ಕೇಳಿದ್ದಾರೆ. ಸ್ಟೀಲ್ ಕತ್ತಿಯನ್ನು ನಾನು ಎಂದೂ ಅದ್ದಿ ನೋಡಿಲ್ಲ. ಈ ಭಾನುವಾರ ಎರಡನ್ನೂ ಒಂದೇ ಡ್ರಮ್‌ಗೆ ಅದ್ದುತ್ತೇನೆ, ಮೊಬೈಲ್ ಚಾಲೂ ಇಟ್ಟು.